ನದಿಯ ಹೊರೆಯನ್ನಳೆದ ಹ್ಯಾನ್ಸ್ ಆಲ್ಬರ್ಟ್ ಐನ್‌ಸ್ಟೈನ್

ದೊಡ್ಡವರ ಹೊಟ್ಟೆಯಲ್ಲಿ ಹುಟ್ಟುವುದು ಭಾಗ್ಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹೆಸರು, ಮನೆತನ, ಪರಿಚಯ ಎಲ್ಲವೂ ಅಂಥವರಿಗೆ ಹುಟ್ಟಿನಿಂದಲೇ ಬರುತ್ತವೆ. ಆದರೆ ಆಲದ ಮರದ ಬುಡದಲ್ಲಿ ಮೊಳೆತ ಸಸಿಗೆ ನೆರಳು ಎಷ್ಟೋ ಅಷ್ಟೇ ಬಿಸಿಲಿನ ಕೊರತೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ಜೋತುಬೀಳದೆ, ತನ್ನ ಬೇರನ್ನು ತಾನೇ ಬೇರೆ ಮಣ್ಣಿನಲ್ಲಿ ಇಳಿಸಿದ ಒಬ್ಬ ಮಹನೀಯನ ಜೀವನವನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ. ಆತನೇ ಹ್ಯಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಸಾಪೇಕ್ಷತಾವಾದದ ಆಲ್ಬರ್ಟ್ ಐನ್‌ಸ್ಟೈನನ ಹಿರಿಯ ಮಗ.

ನನಗೆ ಈ ಹೆಸರು ತಿಳಿದುದು ಭೂಗೋಳದ ತರಗತಿಯಲ್ಲಿ. ನದಿಯು ಸವೆಸುತ್ತದೆ, ಸಾಗಿಸುತ್ತದೆ, ಸಂಚಯಿಸುತ್ತದೆ ಎಂದು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಸಾಗಿಸುವ ಆ ಹೊರೆ ಎಷ್ಟೆಂದು ಅಳೆಯುವುದು ಹೇಗೆ ಎಂದು ಒಬ್ಬ ಗೆಳೆಯ ಕೇಳಿದಾಗ ನಮ್ಮ ಅಧ್ಯಾಪಕರು ಐನ್‌ಸ್ಟೈನನ ಸೂತ್ರವೆಂದರು. ತರಗತಿಯೆಲ್ಲ ನಕ್ಕಿತು, ಅಧ್ಯಾಪಕರು ಬಾಯಿತಪ್ಪಿ ಹೇಳಿದರೆಂದು ನಾವು ತಿಳಿದೆವು. ಅವರು ಬಾಯಿತಪ್ಪಿ ಹೇಳಿರಲಿಲ್ಲ. ಆ ದಿನ ನಕ್ಕವರಲ್ಲಿ ನಾನೂ ಒಬ್ಬನಾದುದರಿಂದ ಈ ಲೇಖನವನ್ನು ಬರೆಯುವುದು ನನಗೆ ಒಂದು ಋಣಪರಿಹಾರವೂ ಆಗಿದೆ.

ಹ್ಯಾನ್ಸ್ ಆಲ್ಬರ್ಟನು 1904ನೆಯ ಇಸವಿ ಮೇ 14ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದನು. ಆಗ ತಂದೆಯು ಅಲ್ಲಿನ ಪೇಟೆಂಟ್ ಕಚೇರಿಯಲ್ಲಿ ಒಬ್ಬ ಸಾಧಾರಣ ನೌಕರ. ತಾಯಿ ಮಿಲೇವ ಮಾರಿಚ್ ಸರ್ಬಿಯ ಮೂಲದವಳು. ಜೂರಿಕ್ಕಿನ ತಾಂತ್ರಿಕ ವಿದ್ಯಾಪೀಠದಲ್ಲಿ ಗಂಡನ ಸಹಪಾಠಿಯಾಗಿದ್ದವಳು. ಮಗು ತೊಟ್ಟಿಲಲ್ಲಿದ್ದ 1905ರಲ್ಲಿಯೇ ತಂದೆಯ ಜಗತ್ಪ್ರಸಿದ್ಧ ಪ್ರಬಂಧಗಳು ಒಂದರ ಮೇಲೊಂದು ಹೊರಬಂದವು. ಅವುಗಳಲ್ಲೊಂದು, ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಕಣಗಳು ಅತ್ತಿತ್ತ ಚಡಪಡಿಸುವುದು ಏಕೆಂದು ವಿವರಿಸುವ ಪ್ರಬಂಧ. ಒಂದೊಂದು ಕಣದ ದಾರಿಯನ್ನು ಯಾರೂ ಮುಂಗಾಣಲಾರರು. ಆದರೆ ಅನೇಕ ಕಣಗಳ ಒಟ್ಟು ನಡತೆಯನ್ನು ಸಂಭಾವ್ಯತೆಯ ಗಣಿತದಿಂದ ಹೇಳಬಹುದು ಎಂಬುದು ಅದರ ಸಾರ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮೂವತ್ತು ವರ್ಷಗಳ ಮೇಲೆ ಮಗನು ಇದೇ ಬಗೆಯ ವಿಚಾರವನ್ನು ಹೊಳೆಯ ತಳದ ಕಲ್ಲುಗಳಿಗೆ ಅನ್ವಯಿಸಿದನು.

ಬಾಲ್ಯವು ಸುಖದ್ದಾಗಿರಲಿಲ್ಲ. 1910ರಲ್ಲಿ ತಮ್ಮ ಎಡ್ವರ್ಡ್ ಹುಟ್ಟಿದನು. 1914ರಲ್ಲಿ ಸಂಸಾರವು ಬರ್ಲಿನ್ನಿಗೆ ಹೋಯಿತಾದರೂ ಕೆಲವೇ ತಿಂಗಳಲ್ಲಿ ತಂದೆತಾಯಿಗಳ ಮನಸ್ಸು ಒಡೆದು, ತಾಯಿಯು ಇಬ್ಬರು ಮಕ್ಕಳನ್ನು ಕರೆದುಕೊಂಡು ಜೂರಿಕ್ಕಿಗೆ ಹಿಂದಿರುಗಿದಳು. ಆಗ ಹ್ಯಾನ್ಸ್ ಆಲ್ಬರ್ಟನಿಗೆ ಹತ್ತು ವರ್ಷ. ಅದೇ ಸಮಯಕ್ಕೆ ಮೊದಲನೆಯ ಮಹಾಯುದ್ಧ ಆರಂಭವಾಯಿತು. ತಂದೆಯು ಪತ್ರಗಳ ಮೂಲಕ ಮಗನಿಗೆ ರೇಖಾಗಣಿತದ ಸಮಸ್ಯೆಗಳನ್ನು ಕಳುಹಿಸುತ್ತಿದ್ದನು. ಮಗನು ಕೆಲವು ಕಾಲ ಉತ್ತರಿಸುತ್ತಿದ್ದನು, ಕೆಲವು ಕಾಲ ಕೋಪದಿಂದ ಮೌನವಾಗಿರುತ್ತಿದ್ದನು. 1919ರಲ್ಲಿ ವಿವಾಹವಿಚ್ಛೇದನವೇ ಆಯಿತು. ಮುಂದೆ ತಂದೆಗೆ ಬಂದ 1921ರ ನೊಬೆಲ್ ಬಹುಮಾನದ ಹಣವು ಒಪ್ಪಂದದಂತೆ ತಾಯಿಗೆ ಸೇರಿತು. ಲೋಕವೆಲ್ಲ ತಂದೆಯನ್ನು ಕೊಂಡಾಡುತ್ತಿದ್ದಾಗ ಮನೆಯಲ್ಲಿ ಆ ಸ್ಥಾನ ಬರಿದಾಗಿತ್ತು. ಕೀರ್ತಿಯ ಈ ಇನ್ನೊಂದು ಮುಖವನ್ನು ನಾವು ಪಠ್ಯಪುಸ್ತಕಗಳಲ್ಲಿ ಓದುವುದಿಲ್ಲ.

ಹುಡುಗನು ತಂದೆಯ ಭೌತವಿಜ್ಞಾನದ ಕಡೆಗೆ ತಿರುಗಲಿಲ್ಲ. ಇಂಜಿನಿಯರ್ ಆಗಬೇಕೆಂದು ಹಟಹಿಡಿದನು. ತಂದೆಗೆ ಇದು ಮೊದಲಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ತಂದೆತಾಯಿಗಳು ಓದಿದ ಅದೇ ಜೂರಿಕ್ ವಿದ್ಯಾಪೀಠದಲ್ಲಿ ಸಿವಿಲ್ ಇಂಜಿನಿಯರಿಂಗ್ ಅಭ್ಯಾಸ ಮಾಡಿ 1926ರಲ್ಲಿ ತೇರ್ಗಡೆಯಾದನು. ವಿಶೇಷವೇನೆಂದರೆ ಅದೇ 1926ರಲ್ಲಿ ತಂದೆಯೂ ನದಿಗಳು ಅಂಕುಡೊಂಕಾಗಿ ಹರಿಯುವುದಕ್ಕೆ ಕಾರಣವೇನೆಂಬ ಬಗ್ಗೆ ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದ್ದನು. ಬಟ್ಟಲಿನ ಚಹವನ್ನು ಕಲಕಿದಾಗ ಸೊಪ್ಪಿನ ಚೂರುಗಳು ಅಂಚಿಗೆ ಹೋಗದೆ ತಳದ ನಡುವೆ ಬಂದು ಗುಡ್ಡೆಯಾಗುವುದನ್ನು ಉದಾಹರಿಸಿ, ತಿರುವಿನಲ್ಲಿ ನೀರು ಒಂದು ದಡವನ್ನು ಕೊರೆದು ಇನ್ನೊಂದು ದಡಕ್ಕೆ ಮರಳು ಹಾಕುವ ಬಗೆಯನ್ನು ಆತನು ತೋರಿಸಿದ್ದನು. ತಂದೆಗೆ ನದಿಯು ಒಂದು ಸಂಜೆಯ ಕುತೂಹಲ. ಮಗನಿಗೆ ಅದು ಇಡೀ ಬಾಳಿನ ಕಾಯಕವಾಯಿತು.

ಆದರೆ ನೇರವಾಗಿ ಆಗಲಿಲ್ಲ. ಮೊದಲ ನಾಲ್ಕು ವರ್ಷ ಆತನು ಜರ್ಮನಿಯ ಡಾರ್ಟ್‌ಮಂಡಿನಲ್ಲಿ ಉಕ್ಕಿನ ಸೇತುವೆಗಳ ನಕ್ಷೆ ತಯಾರಿಸುವ ಕೆಲಸದಲ್ಲಿದ್ದನು. 1927ರಲ್ಲಿ ಫ್ರೀಡ ಕ್ನೆಕ್ಟ್ ಎಂಬಾಕೆಯನ್ನು ಮದುವೆಯಾದನು. ಆಕೆ ಆತನಿಗಿಂತ ಒಂಬತ್ತು ವರ್ಷ ಹಿರಿಯಳು. ತಂದೆಯೂ ತಾಯಿಯೂ ಇದನ್ನು ಬಲವಾಗಿ ವಿರೋಧಿಸಿದರು. ತಾನು ತನ್ನ ತಂದೆತಾಯಿಗಳ ಮಾತು ಮೀರಿ ಮದುವೆಯಾಗಿದ್ದ ಆಲ್ಬರ್ಟನೇ ಈಗ ಮಗನನ್ನು ತಡೆಯಹೊರಟದ್ದು ಲೋಕದ ರೀತಿಗೆ ಒಂದು ನಿದರ್ಶನ. ಮಗನು ಜಗ್ಗಲಿಲ್ಲ. ಆ ದಾಂಪತ್ಯವು ಫ್ರೀಡಳ ಮರಣದವರೆಗೆ ಮೂವತ್ತೊಂದು ವರ್ಷ ನಡೆಯಿತು.

1931ರಲ್ಲಿ ಆತನು ಜೂರಿಕ್ಕಿಗೆ ಹಿಂದಿರುಗಿ ಪ್ರೊಫೆಸರ್ ಮೇಯರ್-ಪೀಟರ್ ಅವರ ಕೈಕೆಳಗೆ ಜಲಶಕ್ತಿ ಪ್ರಯೋಗಶಾಲೆಯಲ್ಲಿ ಸಂಶೋಧನಾ ಸಹಾಯಕನಾಗಿ ಸೇರಿದನು. ಆ ಪ್ರಯೋಗಶಾಲೆ ಹುಟ್ಟಿ ಆಗ ಒಂದು ವರ್ಷವಾಗಿತ್ತು. ಅದರ ಮುಂದಿದ್ದ ದೊಡ್ಡ ಸಮಸ್ಯೆ ರೈನ್ ನದಿ. ಆಲ್ಪ್ಸ್ ಪರ್ವತಗಳಿಂದ ಇಳಿಯುವ ರೈನ್ ಕಾನ್‌ಸ್ಟನ್ಸ್ ಸರೋವರವನ್ನು ಸೇರುವ ಮೊದಲು ಕಣಿವೆಯ ಊರುಗಳ ಮಧ್ಯೆ ಹರಿಯುತ್ತದೆ. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯ ಸರ್ಕಾರಗಳು ಕೂಡಿ ಅದರ ಡೊಂಕುಗಳನ್ನು ಕಡಿದು 1900 ಮತ್ತು 1923ರಲ್ಲಿ ನೇರ ಕಾಲುವೆಗಳನ್ನು ತೋಡಿದ್ದವು. ಆದರೂ ಬೆಟ್ಟದಿಂದ ಬರುವ ಜಲ್ಲಿಕಲ್ಲುಗಳು ನದಿಯ ಪಾತ್ರದಲ್ಲಿಯೇ ಕೂತು ತಳವು ಏರುತ್ತಿತ್ತು. ತಳ ಏರಿದಷ್ಟೂ ಒಡ್ಡು ಗಿಡ್ಡವಾಗುತ್ತದೆ. 1927ರ ಸೆಪ್ಟೆಂಬರಿನಲ್ಲಿ ಒಡ್ಡು ಒಡೆದು ಲೀಚ್‌ಟೆನ್‌ಸ್ಟೈನ್ ದೇಶದ ಬಯಲು ನೀರಿನಲ್ಲಿ ಮುಳುಗಿತು. ಎಷ್ಟು ಅಗಲದ ಪಾತ್ರವನ್ನು ಮಾಡಿದರೆ ನದಿಯು ತನ್ನ ಕಲ್ಲುಗಳನ್ನು ತಾನೇ ತಳ್ಳಿಕೊಂಡು ಹೋದೀತು? ಈ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

ಇಲ್ಲಿ ವಿಷಯವನ್ನು ಸ್ವಲ್ಪ ವಿವರಿಸಬೇಕು. ನದಿಯ ಹೊರೆ ಎರಡು ಬಗೆ. ಒಂದು, ನೀರಿನೊಡನೆ ಕದಡಿ ತೇಲುತ್ತಾ ಹೋಗುವ ಮಣ್ಣು. ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಇದರಿಂದ. ಇದನ್ನು ಅಳೆಯುವುದು ಅಷ್ಟು ಕಷ್ಟವಲ್ಲ. ಸೀಸೆಯಲ್ಲಿ ನೀರು ತುಂಬಿ, ಸೋಸಿ, ಒಣಗಿಸಿ ತೂಗಿದರಾಯಿತು. ಇನ್ನೊಂದು, ತಳದಲ್ಲಿ ಉರುಳುತ್ತಾ, ಜಾರುತ್ತಾ, ನೆಗೆಯುತ್ತಾ ಹೋಗುವ ಮರಳು ಮತ್ತು ಕಲ್ಲು. ಇದು ಕಣ್ಣಿಗೆ ಕಾಣುವುದಿಲ್ಲ. ಪ್ರವಾಹದ ಹೊತ್ತಿನಲ್ಲಿಯೇ ಇದು ನಡೆಯುತ್ತದೆ. ಆ ಹೊತ್ತಿನಲ್ಲಿ ತಳಕ್ಕೆ ಬುಟ್ಟಿ ಇಳಿಸಿದರೆ ಬುಟ್ಟಿಯೇ ಕೊಚ್ಚಿಹೋಗುತ್ತದೆ.

ಅದುವರೆಗಿನ ವಿದ್ವಾಂಸರು, ನೀರಿನ ಸೆಳೆತ ಒಂದು ಮಿತಿಯನ್ನು ಮುಟ್ಟುವವರೆಗೆ ಕಲ್ಲುಗಳು ಅಲುಗುವುದಿಲ್ಲ, ಮಿತಿ ದಾಟಿದೊಡನೆ ಹೊರಡುತ್ತವೆ ಎಂದು ಭಾವಿಸಿದ್ದರು. ಹ್ಯಾನ್ಸ್ ಆಲ್ಬರ್ಟನು ಕಾಲುವೆಯಂಥ ತೊಟ್ಟಿಯಲ್ಲಿ ನೀರು ಹರಿಸಿ, ಗುರುತು ಹಾಕಿದ ಕಲ್ಲುಗಳನ್ನು ಬಿಟ್ಟು, ತಾಳ್ಮೆಯಿಂದ ನೋಡುತ್ತಾ ಕುಳಿತನು. ಒಂದೇ ಗಾತ್ರದ ಎರಡು ಕಲ್ಲುಗಳು ಒಂದೇ ನೀರಿನಲ್ಲಿ ಒಂದೇ ರೀತಿ ನಡೆಯಲಿಲ್ಲ. ಒಂದು ಕಲ್ಲು ಒಂದಿಷ್ಟು ದೂರ ಹೋಗಿ ನಿಲ್ಲುತ್ತಿತ್ತು. ಬಹಳ ಹೊತ್ತು ವಿಶ್ರಮಿಸುತ್ತಿತ್ತು. ನೀರಿನ ಸುಳಿಯೊಂದು ಆ ಕ್ಷಣಕ್ಕೆ ಮೇಲೆತ್ತಿದರೆ ಮತ್ತೆ ಹೊರಡುತ್ತಿತ್ತು. ಯಾವ ಕಲ್ಲು ಯಾವಾಗ ಹೊರಡುತ್ತದೆಂದು ಹೇಳುವಂತಿರಲಿಲ್ಲ. ಆದರೆ ಸಾವಿರ ಕಲ್ಲುಗಳ ನಡಿಗೆಯನ್ನು ಒಟ್ಟಾಗಿ ನೋಡಿದರೆ ಅಲ್ಲಿ ಒಂದು ನಿಯಮ ಕಾಣುತ್ತಿತ್ತು. ನಡಿಗೆ, ವಿಶ್ರಾಂತಿ, ಮತ್ತೆ ನಡಿಗೆ ಎಂಬ ಈ ಆಟವನ್ನು ಸಂಭಾವ್ಯತೆಯ ಸಮಸ್ಯೆಯೆಂದು ಪರಿಗಣಿಸಿ ಬರೆದ ಪ್ರಬಂಧಕ್ಕೆ 1936ರಲ್ಲಿ ಆತನಿಗೆ ಡಾಕ್ಟರೇಟ್ ದೊರೆಯಿತು. ತಂದೆಯ ಹೆಸರಿನಿಂದಲ್ಲ, ತಂದೆಯ ವಿಷಯದಿಂದಲೂ ಅಲ್ಲ, ತೊಟ್ಟಿಯ ಬಳಿ ಕುಳಿತು ಕಲ್ಲೆಣಿಸಿದ ತಾಳ್ಮೆಯಿಂದ ಬಂದ ಪದವಿಯದು.

ಅಷ್ಟರಲ್ಲಿ ಯೂರೋಪಿನ ಆಕಾಶ ಕಪ್ಪಾಗಿತ್ತು. ಹಿಟ್ಲರನ ಆಳ್ವಿಕೆ ಬಂದ 1933ರಲ್ಲಿಯೇ ತಂದೆಯು ಅಮೆರಿಕ ಸೇರಿದ್ದನು. ಆತನ ಒತ್ತಾಯದಂತೆ 1938ರಲ್ಲಿ ಹ್ಯಾನ್ಸ್ ಆಲ್ಬರ್ಟನೂ ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋದನು. ಹೋದ ಕೆಲವೇ ತಿಂಗಳಲ್ಲಿ ಆರು ವರ್ಷದ ಮಗ ಕ್ಲಾಸ್ ಗಂಟಲಮಾರಿ ರೋಗದಿಂದ ತೀರಿಕೊಂಡನು. ಪರದೇಶ, ಹೊಸ ಭಾಷೆ, ಹೊಸ ಕೆಲಸ, ಅದರ ಮೇಲೆ ಪುತ್ರಶೋಕ. ಇಂಥ ಹೊತ್ತಿನಲ್ಲಿ ಮನುಷ್ಯನನ್ನು ಎತ್ತಿ ನಿಲ್ಲಿಸುವುದು ಕೆಲಸವೊಂದೇ ಇರಬೇಕು.

ದಕ್ಷಿಣ ಕೆರೊಲಿನ ರಾಜ್ಯದ ಗ್ರೀನ್‌ವಿಲ್ ಎಂಬಲ್ಲಿ ಅಮೆರಿಕದ ಕೃಷಿ ಇಲಾಖೆಯ ಭೂಸಂರಕ್ಷಣಾ ವಿಭಾಗದಲ್ಲಿ ಆತನಿಗೆ ಕೆಲಸ ದೊರೆಯಿತು. ಆ ಸೀಮೆಯು ಹತ್ತಿಯ ಬೆಳೆಗೆ ಹೆಸರಾದುದು. ತಲೆತಲಾಂತರದಿಂದ ಇಳಿಜಾರಿನ ಹೊಲಗಳಲ್ಲಿ ಹತ್ತಿಯನ್ನೇ ಬೆಳೆದು ಮೇಲ್ಮಣ್ಣು ಕೊಚ್ಚಿಹೋಗಿ, ಹೊಲಗಳು ಕೊರಕಲುಗಳಾಗಿ, ಹಳ್ಳಗಳು ಹೂಳಿನಿಂದ ತುಂಬಿದ್ದವು. ರೈತನ ಹೊಲದಿಂದ ಹೋದ ಮಣ್ಣು ಎಲ್ಲಿಗೆ ಹೋಯಿತು, ಎಷ್ಟು ಹೋಯಿತು ಎಂಬುದನ್ನು ಪ್ರಯೋಗಶಾಲೆಯ ತೊಟ್ಟಿಯಲ್ಲಲ್ಲ, ನಿಜವಾದ ಹಳ್ಳಗಳಲ್ಲಿ ಆತನು ಅಳೆದನು. 1943ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ, 1947ರಿಂದ ಬರ್ಕಲಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು.

1950ರಲ್ಲಿ ಕೃಷಿ ಇಲಾಖೆಯು ಪ್ರಕಟಿಸಿದ ಆತನ ಹೊತ್ತಗೆಯೇ ಆತನ ಕೀರ್ತಿಸ್ತಂಭ. ಒಂದು ನದಿಯ ಇಳಿಜಾರು, ಅಗಲ, ತಳದ ಕಲ್ಲುಮರಳುಗಳ ಗಾತ್ರ, ಇಷ್ಟು ತಿಳಿದರೆ ಎಷ್ಟು ನೀರಿಗೆ ಎಷ್ಟು ಹೊರೆ ಸಾಗುತ್ತದೆಂದು ಲೆಕ್ಕ ಹಾಕುವ ಕ್ರಮವನ್ನು ಅದರಲ್ಲಿ ತೋರಿಸಿದನು. ಒಂದು ಕಣವು ಒಂದು ಸಲಕ್ಕೆ ತನ್ನ ವ್ಯಾಸದ ಸುಮಾರು ನೂರರಷ್ಟು ದೂರ ಹೆಜ್ಜೆಯಿಡುತ್ತದೆಂದು ಗಣಿಸಿದನು. ದೊಡ್ಡ ಕಲ್ಲಿನ ಮರೆಯಲ್ಲಿರುವ ಸಣ್ಣ ಕಲ್ಲಿಗೆ ನೀರಿನ ಸೆಳೆತ ತಟ್ಟುವುದಿಲ್ಲವೆಂಬುದನ್ನೂ ಗಮನಿಸಿ, ಈ ಮರೆಗೆಂದೇ ಲೆಕ್ಕದಲ್ಲಿ ಒಂದು ಅಂಶವನ್ನು ಸೇರಿಸಿದನು. ದೊಡ್ಡದರ ಮರೆಯಲ್ಲಿರುವ ಚಿಕ್ಕದರ ಪಾಡು ಆತನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಬರ್ಕಲಿಯಲ್ಲಿ ಆತನ ಬಳಿ ಅನೇಕ ದೇಶಗಳ ವಿದ್ಯಾರ್ಥಿಗಳು ಕಲಿತರು. ಅವರಲ್ಲೊಬ್ಬನಾದ ಚೀನದ ಚಿಯೆನ್ ನಿಂಗ್ ಎಂಬಾತ ತನ್ನ ದೇಶಕ್ಕೆ ಮರಳಿ, ಲೋಕದಲ್ಲೇ ಅತಿ ಹೆಚ್ಚು ಹೂಳು ಹೊರುವ ನದಿಗಳಲ್ಲೊಂದಾದ ಹಳದಿ ನದಿಯ ಅಧ್ಯಯನಕ್ಕೆ ತನ್ನ ಬಾಳನ್ನು ಮುಡಿಪಾಗಿಟ್ಟನು. ತಂದೆಮಕ್ಕಳ ನಡುವಣ ಬಿರುಕೂ ವರ್ಷಗಳು ಕಳೆದಂತೆ ಮುಚ್ಚುತ್ತಾ ಬಂದಿತು. ತಂದೆಗೆ ಪಿಟೀಲು, ಮಗನಿಗೆ ಪಿಯಾನೊ; ಇಬ್ಬರಿಗೂ ಹಾಯಿದೋಣಿಯ ಹುಚ್ಚು. 1955ರ ಏಪ್ರಿಲಿನಲ್ಲಿ ತಂದೆಯು ಪ್ರಿನ್ಸ್‌ಟನ್ನಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವ ಮುನ್ನ ಮಗನು ದೇಶದ ಇನ್ನೊಂದು ಅಂಚಿನಿಂದ ಬಂದು ಹಾಸಿಗೆಯ ಬಳಿ ಕುಳಿತನು. 1958ರಲ್ಲಿ ಫ್ರೀಡ ತೀರಿಕೊಂಡಳು. ಮರುವರ್ಷ ಎಲಿಜಬೆತ್ ರೋಬೋಜ್ ಎಂಬ ವಿಜ್ಞಾನಿಯನ್ನು ಆತನು ವಿವಾಹವಾದನು. 1971ರಲ್ಲಿ ನಿವೃತ್ತಿ. 1973ರ ಜುಲೈ 26ರಂದು ವುಡ್ಸ್ ಹೋಲ್ ಎಂಬ ಕಡಲತೀರದ ಊರಿಗೆ ವಿದ್ವತ್ಸಭೆಯೊಂದಕ್ಕೆಂದು ಹೋಗಿದ್ದಾಗ ಹೃದಯಸ್ತಂಭನದಿಂದ ಮರಣಹೊಂದಿದನು. ಅಮೆರಿಕದ ಸಿವಿಲ್ ಇಂಜಿನಿಯರುಗಳ ಸಂಘವು 1988ರಲ್ಲಿ ಆತನ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿತು.

ಮಹನೀಯರ ಕೆಲಸವು ಅವರೊಂದಿಗೆ ಮುಗಿಯುವುದಿಲ್ಲ. ಹ್ಯಾನ್ಸ್ ಆಲ್ಬರ್ಟನ ಸೂತ್ರವು ಬಯಲಿನ ನದಿಗಳಿಗೆ ಹೊಂದಿದಂತೆ ಕಡಿದಾದ ಬೆಟ್ಟದ ಹೊಳೆಗಳಿಗೆ ಹೊಂದಲಿಲ್ಲ. ಅಲ್ಲಿ ಹೆಬ್ಬಂಡೆಗಳೂ ಮೆಟ್ಟಿಲುಗಳೂ ಮಡುಗಳೂ ಇವೆ. ನೀರಿನ ಶಕ್ತಿಯ ಬಹುಭಾಗ ಬಂಡೆಗಳಿಗೆ ಬಡಿದೇ ವ್ಯಯವಾಗುತ್ತದೆ. ಲೆಕ್ಕದಲ್ಲಿ ಬಂದಷ್ಟು ಕಲ್ಲು ನಿಜದಲ್ಲಿ ಸಾಗುವುದಿಲ್ಲ. ಕೆಲವೊಮ್ಮೆ ಅದರ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ಹಾಗಾದರೆ ಅಲ್ಲಿ ಕಣ್ಣಿಗೆ ಕಾಣದ ಕಲ್ಲನ್ನು ಎಣಿಸುವುದು ಹೇಗೆ? ಕಾಣದಿದ್ದರೇನು, ಕೇಳಿಸುತ್ತದಲ್ಲ ಎಂದರು ವಿಜ್ಞಾನಿಗಳು. ಆತನು ಜೂರಿಕ್ಕಿನಲ್ಲಿ ಪ್ರಯೋಗ ನಡೆಸುತ್ತಿದ್ದ ಕಾಲದಲ್ಲಿಯೇ ಆಸ್ಟ್ರಿಯದ ಇನ್ ನದಿಯಲ್ಲಿ ಮ್ಯೂಲ್‌ಹೋಫರ್ ಎಂಬಾತ ನೀರಿನೊಳಗೆ ಮೈಕ್ರೋಫೋನ್ ಇಳಿಸಿ ಕಲ್ಲುಗಳ ಸದ್ದನ್ನು ಆಲಿಸಿದ್ದನು. ಆ ಬೀಜವು ಫಲಿಸಲು ಅರ್ಧ ಶತಮಾನ ಬೇಕಾಯಿತು.

ಸ್ವಿಟ್ಜರ್ಲೆಂಡಿನ ಆಲ್ಪ್‌ತಾಲ್ ಕಣಿವೆಯಲ್ಲಿ ಎರ್ಲೆನ್‌ಬಾಖ್ ಎಂಬ ಒಂದು ಪುಟ್ಟ ಹೊಳೆಯಿದೆ. ಅದಕ್ಕೆ ನೀರುಣಿಸುವ ನೆಲ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಆದರೆ ನೂರು ಮೀಟರು ಹರಿಯುವಷ್ಟರಲ್ಲಿ ಹದಿನೈದು ಮೀಟರಿಗೂ ಹೆಚ್ಚು ಇಳಿಯುವ ಕಡಿದಾದ ಹೊಳೆ. 1986ರಲ್ಲಿ ಅದರ ಪಾತ್ರಕ್ಕೆ ಅಡ್ಡಲಾಗಿ ಉಕ್ಕಿನ ಹಲಗೆಗಳನ್ನು ಹುದುಗಿಸಿ, ಅವುಗಳ ಅಡಿಯಲ್ಲಿ ಕಂಪನವನ್ನು ಗ್ರಹಿಸುವ ಉಪಕರಣಗಳನ್ನಿಟ್ಟರು. 2000ದ ಹೊತ್ತಿಗೆ ಅವುಗಳ ಜಾಗಕ್ಕೆ ಜಿಯೋಫೋನುಗಳು ಬಂದವು. ಉರುಳುವ ಕಲ್ಲು ಹಲಗೆಗೆ ಬಡಿದೊಡನೆ ಹಲಗೆ ನಡುಗುತ್ತದೆ. ನಡುಕ ಒಂದು ಮಿತಿಯನ್ನು ಮೀರಿದಾಗಲೆಲ್ಲ ಯಂತ್ರವು ಒಂದೆಂದು ಎಣಿಸುತ್ತದೆ. ಹೊಳೆಯ ಕೆಳಗೆ ಕಲ್ಲು ತಡೆಯುವ ಕೊಳವೊಂದಿದೆ. ಅಲ್ಲಿ ಸೇರಿದ ಕಲ್ಲುಗಳ ಪ್ರಮಾಣವನ್ನು ಅಳೆದು, ಇಷ್ಟು ಬಡಿತಕ್ಕೆ ಇಷ್ಟು ಕಲ್ಲೆಂದು ತಾಳೆ ನೋಡುತ್ತಾರೆ. ಪ್ರವಾಹದ ನಡುವೆಯೇ ತಾನಾಗಿ ಸರಿದು ಬಂದು ಕಲ್ಲು ಹಿಡಿಯುವ ಬುಟ್ಟಿಗಳನ್ನೂ ಮುಂದೆ ಅಳವಡಿಸಿದರು. ಮರಳಿನ ಸಣ್ಣ ಕಾಳುಗಳ ಬಡಿತ ಈ ಹಲಗೆಗೆ ಕೇಳುವುದಿಲ್ಲ. ಹೊಳೆಯಿಂದ ಹೊಳೆಗೆ ತಾಳೆಯನ್ನು ಬೇರೆಯಾಗಿಯೇ ನೋಡಬೇಕು. ಆದರೂ ಕಗ್ಗತ್ತಲೆಯ ರಾತ್ರಿ, ಯಾರೂ ಹತ್ತಿರ ಸುಳಿಯಲಾರದ ಪ್ರವಾಹದಲ್ಲಿ, ಕಲ್ಲುಗಳು ಯಾವ ನಿಮಿಷಕ್ಕೆ ಹೊರಟವು, ಯಾವ ನಿಮಿಷಕ್ಕೆ ನಿಂತವು ಎಂಬುದು ಈಗ ತಿಳಿಯುತ್ತದೆ. ಅವು ಒಂದೇ ಸಮನಾಗಿ ಹೋಗದೆ ಬಿಟ್ಟುಬಿಟ್ಟು, ಅಲೆಅಲೆಯಾಗಿ ಹೋಗುತ್ತವೆ. ತೊಟ್ಟಿಯ ಬಳಿ ಕುಳಿತು ಹ್ಯಾನ್ಸ್ ಆಲ್ಬರ್ಟನು ಕಂಡ ನಡಿಗೆ ಮತ್ತು ವಿಶ್ರಾಂತಿಯ ಆಟವೇ ಇಲ್ಲಿ ಕಿವಿಗೆ ಕೇಳುತ್ತಿದೆ.

ಇದು ಕೇವಲ ವಿದ್ವಾಂಸರ ವಿನೋದವಲ್ಲ. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಬಂಡೆ ಹಿಮಗಳ ರಾಶಿ ಕುಸಿದು, ಋಷಿಗಂಗಾ ಧೌಲಿಗಂಗಾ ಕಣಿವೆಗಳಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಕಲ್ಲುಮಣ್ಣುಗಳ ಆ ಪ್ರವಾಹದ ಕಂಪನವನ್ನು ದೂರದ ಭೂಕಂಪಮಾಪಕಗಳು ದಾಖಲಿಸಿದ್ದವು. ನೆಲದ ಸದ್ದನ್ನು ಸಕಾಲದಲ್ಲಿ ಆಲಿಸಿದರೆ ಕೆಳಗಿನವರಿಗೆ ಕೆಲವು ನಿಮಿಷಗಳ ಮುನ್ನೆಚ್ಚರಿಕೆಯನ್ನಾದರೂ ಕೊಡಬಹುದೆಂದು ವಿಜ್ಞಾನಿಗಳು ಆ ಬಳಿಕ ತೋರಿಸಿದರು. ನಮ್ಮ ಸೀಮೆಗೂ ಹೂಳಿನ ಮಾತು ದೂರದ್ದಲ್ಲ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆಗ ಸುಮಾರು 133 ಟಿ.ಎಂ.ಸಿ.; ಈಚಿನ ಸಮೀಕ್ಷೆಯಲ್ಲಿ ಅದು ಸುಮಾರು 105. ಉಳಿದ ಜಾಗದಲ್ಲಿ ಇರುವುದು ನೀರಲ್ಲ, ಹೂಳು. ಅದು ಹೆಚ್ಚಾಗಿ ತೇಲಿಬರುವ ನುಣ್ಣನೆಯ ಮಣ್ಣು, ಬೆಟ್ಟದ ಹೊಳೆಯ ಕಲ್ಲಲ್ಲ. ಆದರೆ ಮೇಲಿನವರ ಹೊಲದ ಮಣ್ಣು ಕೆಳಗಿನವರ ನೀರನ್ನು ಕಸಿಯುತ್ತದೆಂಬ ನ್ಯಾಯ ಎರಡೂ ಕಡೆ ಒಂದೇ.

ನಮ್ಮ ಹೊಲವಿರುವುದು ಆ ಕಾಲುವೆಯ ತುದಿಯಲ್ಲಿ. ಎರಡನೆಯ ಬೆಳೆಗೆ ನೀರು ಬರುತ್ತದೋ ಇಲ್ಲವೋ ಎಂದು ಅಪ್ಪ ಪ್ರತಿವರ್ಷ ಕಾಯುವುದನ್ನು ನೋಡುತ್ತಾ ನಾನು ಬೆಳೆದಿದ್ದೇನೆ. ಅಪ್ಪನಿಗೆ ಅಕ್ಷರ ಬಾರದು. ಆದರೆ ಮಳೆಗಾಲದ ರಾತ್ರಿ ಪಡಸಾಲೆಯಲ್ಲಿ ಮಲಗಿದ್ದಲ್ಲಿಂದಲೇ ಊರ ಮುಂದಿನ ಹಳ್ಳದ ಸಪ್ಪಳ ಆಲಿಸಿ, ಬೆಳಗ್ಗೆ ದಾಟಬಹುದೋ ದಾಟಬಾರದೋ ಎಂದು ಹೇಳಬಲ್ಲನು. ಕಲ್ಲು ಉರುಳುವ ಸಪ್ಪಳ ಬಂದರೆ ಯಾರನ್ನೂ ಇಳಿಯಗೊಡುವುದಿಲ್ಲ. ಎರ್ಲೆನ್‌ಬಾಖಿನ ಹಲಗೆಗಳ ವಿಚಾರವನ್ನು ಓದುವವರೆಗೆ ಇದನ್ನು ನಾನು ವಿದ್ಯೆಯೆಂದು ಎಣಿಸಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಅಪ್ಪನಿಗೆ ಈ ಸಂಗತಿಯನ್ನು ಹೇಳಿದೆ. ಹಲಗೆಯ ಬೆಲೆಯೆಷ್ಟು ಎಂದು ಕೇಳಿದನು. ನನಗೆ ಉತ್ತರ ಗೊತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹ್ಯಾನ್ಸ್ ಆಲ್ಬರ್ಟನಿಗೆ ತಂದೆಯ ಹೆಸರು ಬೆಟ್ಟದಷ್ಟು ದೊಡ್ಡದಾಗಿತ್ತು. ನನ್ನಂಥವರಿಗೆ ತಂದೆಯ ಹೆಸರು ಊರ ಗಡಿ ದಾಟುವುದಿಲ್ಲ. ಇಬ್ಬರಿಗೂ ದಾರಿ ತೋರಿಸುವವರು ಮುಂದೆ ಇಲ್ಲ. ಆತನು ತನ್ನ ಹೆಸರಿನ ಹಿರಿಮೆಗೆ ಹೆಮ್ಮೆಪಟ್ಟು ಕೂರಲಿಲ್ಲ, ಅದಕ್ಕೆ ಅಂಜಿ ಓಡಲೂ ಇಲ್ಲ. ಯಾರೂ ಗಮನಿಸದ ತಳದ ಕಲ್ಲನ್ನು ನೋಡುತ್ತಾ ಕುಳಿತನು. ಈ ವರ್ಷ ನಮ್ಮ ಪದವಿ ಮುಗಿಯುತ್ತದೆ. ಹೊರಗೆ ಹೋಗುವ ನಾವು ದೊಡ್ಡ ಹೆಸರನ್ನು ಅರಸುವ ಬದಲು, ನಮ್ಮ ಊರಿಗೆ ಬೇಕಾದ ಒಂದು ಸಣ್ಣ ಪ್ರಶ್ನೆಯನ್ನಾದರೂ ಹಿಡಿದು ತಾಳ್ಮೆಯಿಂದ ಕೂರುವುದನ್ನು ಈತನ ಜೀವನದಿಂದ ಕಲಿತರೆ ಸಾಕು.